ಕಾಲಿನ ರಕ್ತಕ್ಕೆ ಕೃತಕ ಮಾರ್ಗ

ಮುಂಗಾರು ಹಿಡಿದ ದಿನಗಳಲ್ಲಿ ಮೂಡಿಗೆರೆ, ಕಳಸಗಳ ಕಾಫಿ ತೋಟದಲ್ಲಿ ದುಡಿಯುವವರೆಲ್ಲರೂ ಬಲ್ಲಂತೆ, ಇಂಬಳವು ಹೊಟ್ಟೆ ತುಂಬಿ ಉದುರಿದ ಮೇಲೂ ಅದು ಕಚ್ಚಿದ ಗಾಯ ಬಹಳ ಹೊತ್ತು ಸೋರುತ್ತಲೇ ಇರುತ್ತದೆ. ಇಂಬಳದ ಕುಲಕ್ಕೇ ಸೇರಿದ ಭಾರತೀಯ ನೆಲಜಿಗಣೆಯೊಂದರಿಂದ 1993ರಲ್ಲಿ ಬೇರ್ಪಡಿಸಲಾದ ಹೀಮಾಡಿನ್ ಎಂಬ ಪ್ರೋಟೀನು, ಕೇವಲ 57 ಅಮೈನೋ ಆಮ್ಲಗಳದಾಗಿದ್ದರೂ, ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ಕಟ್ಟಿಹಾಕಬಲ್ಲದು. ಈ ಕ್ಷುದ್ರಜೀವಿಗೆ ಸಹಜವಾಗಿ ಸಿದ್ಧಿಸಿದ ಈ ವಿದ್ಯೆಯು ಮನುಷ್ಯನು ನೆಯ್ದ ರಕ್ತನಾಳಕ್ಕೆ ಇಂದಿಗೂ ಪೂರ್ಣವಾಗಿ ಸಿದ್ಧಿಸಿಲ್ಲ.

ಬೀಡಿ ಸಿಗರೇಟುಗಳಿಂದಲೋ ಮಧುಮೇಹದಿಂದಲೋ ಕಾಲಿನ ಧಮನಿ ಕಿರಿದಾದವನು ತೋಟದ ಏರನ್ನು ಹತ್ತುವಾಗ ಮೀನಖಂಡದ ನೋವಿನಿಂದ ನಿಲ್ಲುತ್ತಾನೆ. ನಿಂತರೆ ಶಮನ, ನಡೆದರೆ ಮತ್ತೆ ನೋವು. ವಯಸ್ಸಿನ ಬೇನೆಯೆಂದು ಇದನ್ನು ಕಡೆಗಣಿಸುವುದು ಮಹಾ ಅನರ್ಥ. ರೋಗವು ಬಲಿತು ಮಲಗಿದಾಗಲೂ ನೋವು ಬಿಡದೆ, ಬೆರಳಿನ ಹುಣ್ಣು ಮಾಯದೆ ಹೋದಾಗ, ಮುಚ್ಚಿದ ಭಾಗವನ್ನು ಬಳಸಿ ರಕ್ತ ಹರಿಯುವಂತೆ ಹೊಸ ನಾಳವನ್ನು ಜೋಡಿಸುವುದುಂಟು, ಇದೇ ಬೈಪಾಸ್. 1948ರಲ್ಲಿ ಪ್ಯಾರಿಸ್ಸಿನ ಜಾನ್ ಕುನ್ಲಿನ್ ಇದಕ್ಕೆ ರೋಗಿಯ ಕಾಲಿನದೇ ಸಿರೆಯನ್ನು ಬಳಸಿದನು. 1952ರಲ್ಲಿ ಆರ್ಥರ್ ವೂರೀಸ್ ವಿನ್ಯಾನ್ ಬಟ್ಟೆಯ ನಳಿಕೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದ ವರದಿ ಬಂದಿತು. ಅನಂತರ ಪಾಲಿಯೆಸ್ಟರಿನ ಡಕ್ರಾನ್, ಟೆಫ್ಲಾನ್ ಕುಲದ ಪಿಟಿಎಫ್ಇ ಬಳಕೆಗೆ ಬಂದವು.

ಇವುಗಳ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅವನ್ನಿರಿಸಿದ ಸ್ಥಳ. ಹೊಟ್ಟೆಯ ಮಹಾಧಮನಿಯಿಂದ ತೊಡೆಸಂದಿಗೆ ಸಾಗುವ ಅಗಲ ನಳಿಕೆಗಳಲ್ಲಿ ಪ್ರವಾಹ ರಭಸವಾಗಿರುವುದರಿಂದ, ಹೆಚ್ಚಿನವು ಐದು ವರ್ಷಗಳ ಬಳಿಕವೂ ತೆರೆದೇ ಇರುತ್ತವೆ. ಮೊಣಕಾಲಿನ ಕೆಳಗಿನ ಸಣ್ಣ ಧಮನಿಗಳ ಕಥೆ ಬೇರೆ. ಅಮೆರಿಕದಲ್ಲಿ ವೀತ್ ಮತ್ತು ಸಂಗಡಿಗರು ನಡೆಸಿ 1986ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಾಲ್ಕು ವರ್ಷಗಳ ಕೊನೆಗೆ ಅಲ್ಲಿ ತೆರೆದುಳಿದದ್ದು ಸ್ವಂತ ಸಿರೆಯಾದರೆ ಶೇಕಡಾ 49, ಪಿಟಿಎಫ್ಇ ಆದರೆ ಕೇವಲ 12. ಸಜೀವ ನಾಳವನ್ನು ಒಳಗಿನಿಂದ ಹೊದ್ದು ಹೆಪ್ಪನ್ನು ತಡೆಯುವ ಕೋಶಪದರವು ಕೃತಕ ನಳಿಕೆಯ ತುದಿಗಳಿಂದ ಸ್ವಲ್ಪ ದೂರ ಮಾತ್ರ ಹಬ್ಬುತ್ತದೆ. ಮೇಲಾಗಿ ಕೆಳಗಿನ ಹೊಲಿಗೆಯ ಬಳಿ ಸ್ನಾಯುಕೋಶಗಳು ದಟ್ಟವಾಗಿ ಬೆಳೆದು ದಾರಿಯನ್ನು ಕಿರಿದುಗೊಳಿಸುತ್ತವೆ. ಸೋಂಕು ತಗುಲಿದರೆ ಅನೇಕ ವೇಳೆ ನಳಿಕೆಯನ್ನೇ ತೆಗೆಯಬೇಕಾಗುವುದು.

ಆದುದರಿಂದಲೇ ಒಳ್ಳೆಯ ಸಿರೆಯನ್ನು ಮೊದಲು ಹುಡುಕುವುದು ಯುಕ್ತ. ಆದರೆ ಹೃದಯದ ಶಸ್ತ್ರಚಿಕಿತ್ಸೆಗೆ ಅದು ಈ ಮೊದಲೇ ವ್ಯಯವಾದವರಿಗೆ, ಉಬ್ಬಿ ಕೆಟ್ಟವರಿಗೆ, ಕೃತಕ ನಳಿಕೆಯು ಕಾಲನ್ನು ಉಳಿಸುವ ಅಮೂಲ್ಯ ಅವಕಾಶ. ಅಂಥವರು ತಂಬಾಕನ್ನು ತ್ಯಜಿಸಿ, ವೈದ್ಯರು ವಿಧಿಸಿದ ಔಷಧವನ್ನು ತಪ್ಪದೆ ಸೇವಿಸಬೇಕು. ಪಾದವು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮುಹಿಡಿದು ನೊಂದರೆ ನಳಿಕೆ ಮುಚ್ಚಿರುವ ಸಂಭವವುಂಟು. ಸುಮಾರು 6 ಗಂಟೆಗಳೊಳಗೆ ರಕ್ತ ಮರಳಿ ಹರಿಯದಿದ್ದರೆ ಸ್ನಾಯುಗಳು ಸಾಯತೊಡಗುತ್ತವೆ. ಕಳಸದಿಂದ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುವ ಹೊತ್ತೂ ಈ ಲೆಕ್ಕಕ್ಕೇ ಸೇರುವುದರಿಂದ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಹೊರಡತಕ್ಕದ್ದು.