ಫ್ಲಾರೆನ್ಸಿಗೆ ಮುನ್ನ ಅಮೃತಾಪುರ

ಪಿಯುಸಿ ಮುಗಿಸಿದ ಮಗಳು ‘ನಾನು ಡಿಸೈನ್ ಓದುತ್ತೇನೆ’ ಎಂದಾಗ ಕಡೂರು, ತರೀಕೆರೆಯಂಥ ಊರುಗಳ ಮನೆಗಳಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಎಂಜಿನಿಯರಿಂಗ್ ಗೊತ್ತು, ಡಾಕ್ಟರಿಕೆ ಗೊತ್ತು. ಇದೇನಿದು ಡಿಸೈನ್? ಅದರ ಬೆನ್ನಿಗೇ ಎರಡನೆಯ ಬೇಡಿಕೆಯೂ ಬರುತ್ತದೆ: ‘ಒಂದು ಸಲ ಯೂರೋಪಿಗೆ ಹೋಗಿ ಬರಬೇಕು. ಇಟಲಿಯ ಫ್ಲಾರೆನ್ಸ್ ನೋಡಬೇಕು.’ ಅಡಕೆ, ಕೊಬ್ಬರಿ, ಈರುಳ್ಳಿಯ ಧಾರಣೆ ನಂಬಿ ಸಂಸಾರ ತೂಗಿಸುವ ತಂದೆ ತಾಯಿ ಏನು ಹೇಳಬೇಕು?

ಬೇಡ ಎನ್ನಬೇಕಾಗಿಲ್ಲ. ಫ್ಲಾರೆನ್ಸ್ ನೋಡಬೇಕಾದ ಊರೇ. ಆದರೆ ಒಂದು ಷರತ್ತು ಹಾಕಬಹುದು. ವಿಮಾನದ ಟಿಕೆಟಿಗೆ ಮುನ್ನ ಅಮೃತಾಪುರಕ್ಕೆ ಹೋಗಿ ಬರಲಿ, ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಇರಲಿ. ತರೀಕೆರೆಯಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿರುವ ಆ ಹಳ್ಳಿಯಲ್ಲಿ ಕಣ್ಣು ಪಳಗದಿದ್ದರೆ ಫ್ಲಾರೆನ್ಸಿನಲ್ಲಿ ಉಳಿಯುವುದು ಫೋಟೋ ಮಾತ್ರ.

ಬಾಗಿಲು ಮತ್ತು ಗೋಡೆ

ಫ್ಲಾರೆನ್ಸಿನ ದೊಡ್ಡ ಚರ್ಚಿನ ಎದುರಿಗೆ ಎಂಟು ಮೂಲೆಯ ಒಂದು ಹಳೆಯ ಕಟ್ಟಡವಿದೆ. ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡುತ್ತಿದ್ದ ಜಾಗ ಅದು. ಅದಕ್ಕೆ ಕಂಚಿನ ಬಾಗಿಲು ಮಾಡಲು 1401ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವನು ಲೊರೆಂಜೊ ಗಿಬೆರ್ತಿ. ಆಗ ಅವನಿಗೆ 23ರ ಆಸುಪಾಸಿನ ಪ್ರಾಯ. ಮುಂದೆ ಅದೇ ಕಟ್ಟಡದ ಇನ್ನೊಂದು ಬಾಗಿಲಿಗೆ ಅವನು 1425ರಿಂದ 1452ರವರೆಗೆ ದುಡಿದ. ಚಿನ್ನದ ಲೇಪ ಹೊತ್ತ ಅದರ ಹತ್ತು ಫಲಕಗಳಲ್ಲಿ ಬೈಬಲ್ಲಿನ ಕಥೆಗಳಿವೆ. ‘ಇವು ಸ್ವರ್ಗದ ಬಾಗಿಲಾಗಲು ಯೋಗ್ಯ’ ಎಂದು ಮೈಕೆಲೆಂಜೆಲೊ ಉದ್ಗರಿಸಿದನೆಂದು ಹೇಳುತ್ತಾರೆ. ಈಗ ಅಲ್ಲಿರುವುದು ನಕಲು; ಮೂಲ ಬಾಗಿಲನ್ನು ಹತ್ತಿರದ ಮ್ಯೂಸಿಯಮ್ಮಿನಲ್ಲಿ ಕಾಪಾಡಿದ್ದಾರೆ.

ಇನ್ನು ನಮ್ಮ ಅಮೃತಾಪುರ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಇಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದ. ಗಿಬೆರ್ತಿಯ ಸ್ಪರ್ಧೆಗಿಂತ ಇನ್ನೂರು ವರ್ಷ ಹಿಂದಿನ ಮಾತು. ಇದರ ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಿವೆ. ಬೇರೆ ಹೊಯ್ಸಳ ಗುಡಿಗಳ ಸಣ್ಣ ಪಟ್ಟಿಕೆಗಳಿಗೆ ಹೋಲಿಸಿದರೆ ಇವು ದೊಡ್ಡವು. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ.

ಇಲ್ಲಿಂದಲೇ ವಿದ್ಯಾರ್ಥಿಯ ಕೆಲಸ ಆರಂಭ. ಉತ್ತರದ ಫಲಕಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ದಕ್ಷಿಣದ ರಾಮಾಯಣ ಮಾತ್ರ ಅದಕ್ಕೆ ತಿರುವುಮುರುವು. ದೇವರಿಗೆ ಸುತ್ತು ಬರುವವನಿಗೆ ಕಥೆ ಕೊನೆಯಿಂದ ಮೊದಲಿಗೆ ಕಾಣುತ್ತದೆ. ಹೊಯ್ಸಳರಲ್ಲಿ ಇದು ಅಪರೂಪ. ಎಷ್ಟೋ ಮಂದಿ ಸುತ್ತು ಬಂದು ಕೈಮುಗಿದು ಹೋಗುತ್ತಾರೆ, ಇದು ಕಣ್ಣಿಗೆ ಬೀಳುವುದೇ ಇಲ್ಲ. ಯಾರೂ ಹೇಳದೆ ತಾನೇ ಇದನ್ನು ಗುರುತಿಸಿದ ಹುಡುಗಿಗೆ ಡಿಸೈನ್ ಎಂದರೇನು ಎಂಬುದು ಅರ್ಧ ತಿಳಿದ ಹಾಗೆ. ನೋಡುವವನು ಎಲ್ಲಿ ನಿಲ್ಲುತ್ತಾನೆ, ಯಾವ ಕಡೆಯಿಂದ ನಡೆದು ಬರುತ್ತಾನೆ ಎಂದು ಯೋಚಿಸುವುದೇ ಆ ವಿದ್ಯೆಯ ಮೊದಲ ಪಾಠ.

ಒಳಗೆ ಬನ್ನಿ. ಕಡೆದು ಹೊಳಪು ಕೊಟ್ಟ ಕಂಬಗಳ ಸಾಲು, ಮೇಲೆ ಗುಮ್ಮಟದಂತೆ ಒಳಸರಿದ ಛಾವಣಿಯ ಅಂಕಣಗಳು. ಹೆಸರಾಂತ ರೂವಾರಿ ಮಲ್ಲಿತಮ್ಮ ತನ್ನ ವೃತ್ತಿಯನ್ನು ಆರಂಭಿಸಿದ್ದು ಈ ಛಾವಣಿಗಳಲ್ಲೇ ಎಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಅವನ ಹೆಸರು ಶಿಲ್ಪಗಳ ಅಡಿಯಲ್ಲೇ ಕೆತ್ತಿದೆ. ಗಿಬೆರ್ತಿ ತನ್ನ ಬಾಗಿಲಿನ ಚೌಕಟ್ಟಿನಲ್ಲಿ ತನ್ನದೇ ಪುಟ್ಟ ತಲೆಯನ್ನು ಎರಕ ಹೊಯ್ದು ಕೂರಿಸಿದ. ಮಲ್ಲಿತಮ್ಮ ಹೆಸರು ಕೆತ್ತಿದ. ಕಸುಬಿನ ಹೆಮ್ಮೆ ಎರಡೂ ಕಡೆ ಒಂದೇ.

ಅಂಗಳದ ಶಾಸನವನ್ನೂ ಮರೆಯಬಾರದು. ಅದರ ಪದ್ಯಗಳು ಕವಿಚಕ್ರವರ್ತಿ ಜನ್ನನವು. 1209ರಲ್ಲಿ ‘ಯಶೋಧರ ಚರಿತೆ’ ಬರೆದ ಅದೇ ಜನ್ನ. ಪಠ್ಯಪುಸ್ತಕದಲ್ಲಿ ಓದಿದ ಕವಿ ತನ್ನ ತಾಲ್ಲೂಕಿನ ಕಲ್ಲಿನ ಮೇಲೆ ಸಿಕ್ಕರೆ ಯಾವ ವಿದ್ಯಾರ್ಥಿಗೆ ಬೆರಗಾಗದು?

ಎತ್ತಿನ ಕಥೆ

ಊರಿನ ಸಂಸ್ಕೃತಿ ಕಟ್ಟಡಗಳಲ್ಲಿ ಮಾತ್ರ ಇರುವುದಿಲ್ಲ. ಫ್ಲಾರೆನ್ಸ್ ಇರುವ ಟಸ್ಕನಿ ಸೀಮೆಯಲ್ಲಿ ಕಿಯಾನಿನಾ ಎಂಬ ಬಿಳಿಯ, ಭಾರೀ ಮೈಕಟ್ಟಿನ ದನದ ತಳಿಯಿದೆ. ಶತಮಾನಗಳ ಕಾಲ ನೇಗಿಲು, ಗಾಡಿ ಎಳೆದ ಎತ್ತುಗಳು ಅವು. ಟ್ರ್ಯಾಕ್ಟರ್ ಬಂದ ಮೇಲೆ ಮಾಂಸದ ತಳಿಯಾಗಿ ಉಳಿದುಕೊಂಡವು. ಫ್ಲಾರೆನ್ಸಿನ ಹೋಟೆಲುಗಳ ಹೆಸರುವಾಸಿ ಮಾಂಸದ ಅಡುಗೆಯ ಹಿಂದೆ ಈ ಕಥೆಯಿದೆ.

ಅಜ್ಜಂಪುರದಲ್ಲಿ ನಮ್ಮ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಸೈನ್ಯದ ಫಿರಂಗಿ ಎಳೆದ ಎತ್ತುಗಳಿವು. ಉದ್ದನೆಯ ಚೂಪು ಕೊಂಬು, ಬಿಗಿಯಾದ ಮೈ, ಚುರುಕಿನ ನಡಿಗೆ. ಇವುಗಳಿಗೆಂದೇ ಬಿಟ್ಟ ಹುಲ್ಲುಗಾವಲುಗಳು ಈ ಭಾಗದ ‘ಕಾವಲು’ಗಳು. ಫಿರಂಗಿ ಹೋಯಿತು, ಗಾಡಿಯೂ ಹೋಯಿತು. ಕೆಲಸ ಕಳೆದುಕೊಂಡ ತಳಿಯನ್ನು ಉಳಿಸುವುದು ಹೇಗೆ? ಇಟಲಿಯವರು ಕೊಟ್ಟ ಉತ್ತರ ಒಂದು, ನಮ್ಮದು ಬೇರೆಯೇ ಆಗಬೇಕು. ಅಜ್ಜಂಪುರದಲ್ಲಿ ಈ ಪ್ರಶ್ನೆ ಕೇಳಿಕೊಂಡವನು ಟಸ್ಕನಿಯ ಬಿಳಿ ಎತ್ತನ್ನು ಕಂಡಾಗ ಸುಮ್ಮನೆ ಮುಂದೆ ಹೋಗಲಾರ.

ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಮುದ್ದೆ

ಮಕ್ಕಳು ಹೊರದೇಶಕ್ಕೆ ಹೊರಟರೆ ಅಮ್ಮಂದಿರ ಮೊದಲ ಚಿಂತೆ ಊಟದ್ದು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ತುತ್ತಿಗೆ ಸಪ್ಪೆ ಎನ್ನಿಸುತ್ತದೆ. ಆದರೆ ಕಡೂರಿನ ಕಡೆಯ ರಾಗಿಮುದ್ದೆಯನ್ನು ನೆನೆಯಿರಿ. ಅನೇಕ ಮನೆಗಳಲ್ಲಿ ಮುದ್ದೆಗೆ ಉಪ್ಪಿಲ್ಲ; ಉಪ್ಪು, ಖಾರ, ಹುಳಿ ಎಲ್ಲ ಸಾರಿನದು. ಅಲ್ಲಿಯೂ ಅದೇ ಲೆಕ್ಕ: ಸಪ್ಪೆ ಬ್ರೆಡ್ಡು, ರುಚಿಯಾದ ವ್ಯಂಜನ.

ಅಲ್ಲಿಯ ಬಡವರ ಅಡುಗೆ ‘ರಿಬೊಲ್ಲಿತಾ’. ಹೆಸರಿನ ಅರ್ಥ ‘ಮತ್ತೆ ಕುದಿಸಿದ್ದು’. ಬಿಳಿ ಹುರುಳಿಯಂಥ ಕಾಳು, ಸೊಪ್ಪು, ಹಳತಾದ ಬ್ರೆಡ್ಡು ಸೇರಿಸಿ ಕುದಿಸಿದ ಗಟ್ಟಿ ಸಾರು. ನಮ್ಮ ಬಸ್ಸಾರು ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದ ಹುಟ್ಟಿದ್ದಲ್ಲವೇ? ಏನನ್ನೂ ಚೆಲ್ಲದ ಗೃಹಿಣಿಯರ ಜಾಣತನ ಎರಡು ದೇಶಗಳಲ್ಲೂ ಹೆಸರುವಾಸಿ ಅಡುಗೆಯಾಗಿದೆ. ಸಸ್ಯಾಹಾರಿ ಮಕ್ಕಳು ಕುದಿಸಿದ ನೀರಿನಲ್ಲಿ ಮಾಂಸವಿದೆಯೇ ಎಂದು ಕೇಳಿಕೊಂಡು ತಿನ್ನುವುದು ಒಳ್ಳೆಯದು.

ಪೋಷಕರಿಗೆ ಎರಡು ಮಾತು

ಡಿಸೈನ್ ಎಂದರೆ ಬಟ್ಟೆಯ ಫ್ಯಾಷನ್ನಷ್ಟೇ ಅಲ್ಲ. ಕುರ್ಚಿ, ಪುಸ್ತಕ, ಆಸ್ಪತ್ರೆಯ ಫಲಕ, ಮೊಬೈಲ್ ಪರದೆ ಎಲ್ಲವೂ ಅದರಲ್ಲಿ ಸೇರುತ್ತವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲೇ ಆರಂಭವಾಯಿತು. ಅದರ ಪ್ರವೇಶ ಪರೀಕ್ಷೆಯಾಗಲಿ, ಐಐಟಿ ಮುಂಬಯಿ ನಡೆಸುವ ‘ಯುಸೀಡ್’ ಆಗಲಿ, ಕೇವಲ ಬಾಯಿಪಾಠದಿಂದ ದಾಟುವಂಥದ್ದಲ್ಲ. ಅವು ಅಳೆಯುವುದು ಗಮನಿಸುವ ಶಕ್ತಿಯನ್ನು, ಬಿಡಿಸುವ ಕೈಯನ್ನು. ಅಮೃತಾಪುರದ ಗೋಡೆಯ ಮುಂದೆ ಹತ್ತು ಭಾನುವಾರ ಕುಳಿತು ಚಿತ್ರ ಬರೆದರೆ ಎರಡೂ ಬೆಳೆಯುತ್ತವೆ. ಖರ್ಚು ಬಸ್ ಚಾರ್ಜು ಮಾತ್ರ.

ಆ ಹತ್ತು ಭಾನುವಾರ ಕಳೆದ ಮೇಲೂ ಮಗುವಿನ ಆಸೆ ತಣಿಯದಿದ್ದರೆ, ಫ್ಲಾರೆನ್ಸಿಗೆ ಹಣ ಕೂಡಿಡುವುದು ದಂಡವಲ್ಲ. ಇಟಲಿಯ ಸರ್ಕಾರಿ ಮ್ಯೂಸಿಯಮ್ಮುಗಳಲ್ಲಿ 18 ವರ್ಷದೊಳಗಿನವರಿಗೆ, ಯಾವ ದೇಶದವರಾದರೂ, ಪ್ರವೇಶ ಉಚಿತ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಅಲ್ಲಿಯ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿ 1401ರ ಸ್ಪರ್ಧೆಗೆ ಗಿಬೆರ್ತಿ ಮಾಡಿದ ಫಲಕವೂ, ಅವನ ಎದುರಾಳಿ ಬ್ರುನೆಲೆಸ್ಕಿಯ ಫಲಕವೂ ಇವೆ. ವಿಷಯ ಒಂದೇ, ಕೈ ಬೇರೆ. ಬಾಗಿಲಿನ ಕೆಲಸ ತಪ್ಪಿಹೋದ ಬ್ರುನೆಲೆಸ್ಕಿ ಸುಮ್ಮನೆ ಕೂರಲಿಲ್ಲ. 1420ರಿಂದ 1436ರವರೆಗೆ ಅದೇ ಊರಿನ ದೊಡ್ಡ ಚರ್ಚಿನ ಗುಮ್ಮಟ ಎಬ್ಬಿಸಿದ. ಪರೀಕ್ಷೆಯಲ್ಲಿ ಒಮ್ಮೆ ಎಡವಿದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಕಥೆ ತಿಳಿದಿರಲಿ.

ಫ್ಲಾರೆನ್ಸಿನ ಹಳೆಯ ಊರು 1982ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಸೇರಿದವು. ಅಮೃತಾಪುರ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಲ್ಲಿ ನೂಕುನುಗ್ಗಲಿಲ್ಲ, ‘ಬೇಗ ಮುಂದೆ ಹೋಗಿ’ ಎನ್ನುವವರಿಲ್ಲ. ಕಲಿಯುವ ಹುಡುಗಿಗೆ ಬೇಕಾದದ್ದೂ ಅದೇ. ಮುಂದಿನ ಭಾನುವಾರ ಪೆನ್ಸಿಲ್ ಚೂಪು ಮಾಡಿಕೊಂಡು ಹೊರಡಲಿ. ಅಪ್ಪ ಅಮ್ಮನೂ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.