ಪರದೇಶದ ಉದ್ಯೋಗಾರ್ಜಿ ಮತ್ತು ವೀಸಾದ ಮಾತು

ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಹೊರಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಯೂರಿದ ಹಿಂದಿನ ತಲೆಮಾರಿನ ಕನ್ನಡಿಗನಿಗೆ ಬೇಕಾಗಿದ್ದುದು ಒಂದು ರೈಲು ಟಿಕೇಟು, ಪರಿಚಯಸ್ಥರ ಒಂದು ವಿಳಾಸ ಮತ್ತು ದುಡಿಯುವ ಛಲ ಮಾತ್ರ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು ಮುಂಬಯಿಯಲ್ಲಿ ಅನೇಕರು. ‘ಇಲ್ಲಿ ಕೆಲಸ ಮಾಡಲು ನಿಮಗೆ ಅನುಮತಿ ಇದೆಯೇ?’ ಎಂದು ಅವರನ್ನು ಯಾರೂ ಕೇಳುವಂತಿರಲಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ, ವೃತ್ತಿ ಕೈಗೊಳ್ಳುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಪ್ರಜೆಗೆ ಕೊಟ್ಟಿದೆ. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಲಂಡನ್ನಿಗೋ ಅಮೆರಿಕಕ್ಕೋ ಅರ್ಜಿ ಬರೆಯುವಾಗ ಎದುರಾಗುವುದು ಇದೇ ಪ್ರಶ್ನೆ.

ಉತ್ತರಿಸುವಾಗ ತರುಣರು ಅಳುಕುವುದು ಸಹಜ. ‘ವೀಸಾ ಬೇಕು’ ಎಂದರೆ ಅರ್ಜಿ ಮೂಲೆಗುಂಪಾದೀತೆಂಬ ಭಯ ಒಂದೆಡೆ. ಹೇಳದಿದ್ದರೆ ಮುಂದೇನೋ ಎಂಬ ಆತಂಕ ಇನ್ನೊಂದೆಡೆ. ಈ ಭಯ ನಿರಾಧಾರವಲ್ಲ. ಅಮೆರಿಕದ ಎಚ್-1ಬಿ ವೀಸಾಕ್ಕೆ ಮನವಿ ಸಲ್ಲಿಸಬೇಕಾದವನು ಉದ್ಯೋಗಿಯಲ್ಲ, ಉದ್ಯೋಗದಾತ. ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಿದೆ. 2025ರ ಸೆಪ್ಟೆಂಬರಿನಲ್ಲಿ, ಹೊರದೇಶದಲ್ಲಿರುವವರ ಪರವಾಗಿ ಸಲ್ಲಿಸುವ ಹೊಸ ಮನವಿಗೆ ಒಂದು ಲಕ್ಷ ಡಾಲರು ತೆರಬೇಕೆಂದು ಅಧ್ಯಕ್ಷರ ಘೋಷಣೆಯೂ ಹೊರಬಿತ್ತು. ಇಷ್ಟು ಹೊರೆ ಹೊರಬೇಕಾದವನು ಮೊದಲೇ ವಿಚಾರಿಸಿದರೆ ತಪ್ಪೆನ್ನಲಾಗದು.

ಅಮೆರಿಕದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ. ಈಗ ಕೆಲಸ ಮಾಡಲು ಕಾನೂನಿನ ಅನುಮತಿ ಇದೆಯೇ ಎಂಬುದು ಮೊದಲನೆಯದು. ಈಗಾಗಲಿ ಮುಂದಾಗಲಿ ಸಂಸ್ಥೆಯ ಪ್ರಾಯೋಜನೆ ಬೇಕಾಗುವುದೇ ಎಂಬುದು ಎರಡನೆಯದು. ಎಡವುವುದು ಇಲ್ಲಿಯೇ. ಅಲ್ಲಿ ಓದು ಮುಗಿಸಿದ ವಿದ್ಯಾರ್ಥಿಗೆ ಪ್ರಾಯೋಗಿಕ ತರಬೇತಿಯ ಹೆಸರಿನಲ್ಲಿ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನದ ಪದವೀಧರನಿಗೆ ಮತ್ತೆ 24 ತಿಂಗಳು ದುಡಿಯುವ ಅವಕಾಶ ದೊರೆಯಬಹುದು. ಅಂಥವನ ಮೊದಲ ಉತ್ತರ ‘ಹೌದು’. ಮುಂದೆಯೂ ಅಲ್ಲಿಯೇ ಉಳಿದು ದುಡಿಯುವ ಉದ್ದೇಶವಿದ್ದರೆ ಎರಡನೆಯದೂ ‘ಹೌದು’. ಇವೆರಡರಲ್ಲಿ ವಿರೋಧವೇನೂ ಇಲ್ಲ.

ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿ ಸರಕಾರದಿಂದ ಪರವಾನಗಿ ಪಡೆದ ಸಂಸ್ಥೆ ಮಾತ್ರ ವಿದೇಶೀಯನನ್ನು ಪ್ರಾಯೋಜಿಸಬಲ್ಲದು. ಅಂಥ ಸಂಸ್ಥೆಗಳ ಪಟ್ಟಿಯನ್ನು ಸರಕಾರವೇ ಪ್ರಕಟಿಸುತ್ತದೆ. ಅದನ್ನು ನೋಡಿ ಅರ್ಜಿ ಹಾಕಿದರೆ ಅರ್ಧ ನಿರಾಸೆ ತಪ್ಪುತ್ತದೆ. 2025ರ ಜುಲೈ 22ರಿಂದ ಕುಶಲ ಉದ್ಯೋಗಿಯ ಸಾಮಾನ್ಯ ವೇತನ ಮಿತಿಯನ್ನು 41,700 ಪೌಂಡುಗಳಿಗೆ ಏರಿಸಲಾಯಿತು. ಅಂದಿನಿಂದಲೇ ವೃದ್ಧರ, ರೋಗಿಗಳ ಆರೈಕೆ ಸಹಾಯಕರನ್ನು ಹೊರದೇಶಗಳಿಂದ ಹೊಸದಾಗಿ ಕರೆಸಿಕೊಳ್ಳುವುದು ನಿಂತಿತು. ವೈದ್ಯರಿಗೂ ದಾದಿಯರಿಗೂ ಪ್ರತ್ಯೇಕ ವೇತನ ಶ್ರೇಣಿಯ ಲೆಕ್ಕವಿದೆ.

ಹಾಗಾದರೆ ಹೇಳುವುದೆಲ್ಲಿ, ಹೇಗೆ? ಅರ್ಜಿಯಲ್ಲಿ ಪ್ರಶ್ನೆಯಿದ್ದರೆ ಅಲ್ಲಿಯೇ, ಸಂದಿಗ್ಧವಿಲ್ಲದೆ ಉತ್ತರಿಸಬೇಕು. ಪ್ರಶ್ನೆ ಇಲ್ಲದಿದ್ದರೆ ಪತ್ರದ ಮೊದಲ ಸಾಲಿನಲ್ಲಿಯೇ ಅಳಲು ತೋಡಿಕೊಳ್ಳುವ ಅಗತ್ಯವಿಲ್ಲ, ಯೋಗ್ಯತೆ, ಅನುಭವಗಳನ್ನು ತಿಳಿಸಿದ ಬಳಿಕ ಕೊನೆಯಲ್ಲಿ ಒಂದೇ ವಾಕ್ಯ ಸಾಕು: ‘ನಾನು ಭಾರತೀಯ ಪ್ರಜೆ, ತಮ್ಮಲ್ಲಿ ಸೇವೆ ಸಲ್ಲಿಸಲು ಪ್ರಾಯೋಜಿತ ಉದ್ಯೋಗ ವೀಸಾ ಬೇಕಾಗುತ್ತದೆ.’ ಅಲ್ಲಿಯೂ ಬರೆಯದಿದ್ದವರು ಮೊದಲ ಸಂದರ್ಶನದಲ್ಲಾದರೂ ತಿಳಿಸಬೇಕು. ನೇಮಕದ ಪತ್ರ ಕೈಸೇರಿದ ಮೇಲೆ ಬಾಯಿಬಿಟ್ಟರೆ ಕೆಲಸವೂ ಹೋದೀತು, ವಿಶ್ವಾಸವೂ ಹೋದೀತು.

ಸುಳ್ಳಿನ ಬೆಲೆ ಇನ್ನೂ ದೊಡ್ಡದು. ವೀಸಾ ಅಧಿಕಾರಿಗಳ ಮುಂದೆ ಬುದ್ಧಿಪೂರ್ವಕವಾಗಿ ಸುಳ್ಳು ಹೇಳಿದವನಿಗೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಬ್ರಿಟನ್ನಿನಲ್ಲಿ ಹತ್ತು ವರ್ಷಗಳ ನಿಷೇಧ ತಗಲಬಹುದು.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಅಪಾಯ ಮತ್ತೊಂದು ಬಗೆಯದು. ‘ಸಂದರ್ಶಕ ವೀಸಾದಲ್ಲಿ ಹೋಗಿ, ಉಳಿದುದನ್ನು ಅಲ್ಲಿ ನೋಡಿಕೊಳ್ಳೋಣ’ ಎನ್ನುವ ದಲ್ಲಾಳಿಯ ಮಾತಿಗೆ ಮರುಳಾಗಬಾರದು. ಆ ವೀಸಾದಲ್ಲಿ ದುಡಿಯುವುದು ಅಪರಾಧ. 1983ರ ವಲಸೆ ಕಾಯಿದೆಯಂತೆ ನೋಂದಾಯಿತ ಏಜೆಂಟರು ಮಾತ್ರ ಪರದೇಶಕ್ಕೆ ಜನರನ್ನು ನೇಮಿಸಬಹುದು. ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ತೆರಿಗೆಯನ್ನು ಮೀರುವಂತಿಲ್ಲ.

ಆರೋಗ್ಯದ ಮಾತನ್ನೂ ಮರೆಯಲಾಗದು. ಕೊಲ್ಲಿಯ ಉದ್ಯೋಗಕ್ಕೆ ಅಂಗೀಕೃತ ಕೇಂದ್ರಗಳಲ್ಲಿ ಕ್ಷಯ, ಹೆಪಟೈಟಿಸ್, ಎಚ್.ಐ.ವಿ. ಮೊದಲಾದವುಗಳ ತಪಾಸಣೆ ಕಡ್ಡಾಯ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿ ನೆಲೆಸಲು ಭಾರತದಿಂದ ಹೊರಡುವವರಿಗೂ ಕ್ಷಯ ಪರೀಕ್ಷೆಯ ಪ್ರಮಾಣಪತ್ರ ಬೇಕು. ಆದುದರಿಂದ ವೈದ್ಯಕೀಯ ಪರೀಕ್ಷೆ ಮುಗಿದು ವೀಸಾ ಕೈಸೇರುವ ತನಕ ಇರುವ ಕೆಲಸಕ್ಕೆ ರಾಜೀನಾಮೆ ಕೊಡದಿರುವುದು, ಮನೆಯವರ ಒಡವೆ ಅಡವಿಡದಿರುವುದು ವಿವೇಕ.

ವೀಸಾ ಬೇಕೆಂದು ಹೇಳುವುದು ದೈನ್ಯವಲ್ಲ. ಅದೂ ವಯಸ್ಸು, ವಿದ್ಯೆ, ಅನುಭವಗಳಂತೆ ಅರ್ಜಿದಾರನ ಬಗೆಗಿನ ಒಂದು ಸಂಗತಿ. ಅದನ್ನು ಕೇಳಿ ಕೆಲವು ಬಾಗಿಲುಗಳು ಮುಚ್ಚುವುದು ನಿಜ. ಆದರೆ ಎಲ್ಲವನ್ನೂ ಅರಿತು ತೆರೆದ ಬಾಗಿಲಿನೊಳಗೆ ಹೋದವನು ನಿಶ್ಚಿಂತೆಯಿಂದ ನಿದ್ರಿಸಬಲ್ಲನು.