ವೈಷ್ಣೋದೇವಿ ನಾಣ್ಯಕ್ಕೆ 10 ಲಕ್ಷ ಸಿಗುತ್ತದೆಯೇ? ಚಿಲ್ಲರೆಯಲ್ಲಿ ನಿಜಕ್ಕೂ ಹುಡುಕಬೇಕಾದ್ದು ಏನು?

“ನಿಮ್ಮ ಹತ್ತಿರ ವೈಷ್ಣೋದೇವಿ ಚಿತ್ರವಿರುವ 5 ರೂಪಾಯಿ ನಾಣ್ಯ ಇದೆಯೇ? ಈ ನಂಬರ್‌ಗೆ ಫೋಟೋ ಕಳಿಸಿ, 10 ಲಕ್ಷ ಗೆಲ್ಲಿ!” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಒಮ್ಮೆ ವೈಷ್ಣೋದೇವಿ, ಇನ್ನೊಮ್ಮೆ ಘೇಂಡಾಮೃಗದ 25 ಪೈಸೆ, ಮತ್ತೊಮ್ಮೆ 786 ನಂಬರಿನ ನೋಟು. ನಾಣ್ಯ ಬದಲಾಗುತ್ತದೆ, ಆಸೆ ಮಾತ್ರ ಅದೇ.

ವೈಷ್ಣೋದೇವಿ ನಾಣ್ಯ ಸುಳ್ಳಲ್ಲ. ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆಂದು 2012ರ ಇಸವಿಯಲ್ಲಿ 5 ಮತ್ತು 10 ರೂಪಾಯಿ ನಾಣ್ಯಗಳು ಅಚ್ಚಾದವು. ಆದರೆ ಅವು ಜನರ ಕೈಯಲ್ಲಿ ಓಡಾಡಲೆಂದೇ ಹೊರಬಂದವು. ಬಸವೇಶ್ವರರ ಚಿತ್ರವಿರುವ 2006ರ 5 ರೂಪಾಯಿ ನಾಣ್ಯವೂ ಹೀಗೆಯೇ. ನೋಡಲು ಬೇರೆ ಥರ ಇದೆ ಎಂದ ಮಾತ್ರಕ್ಕೆ ನಾಣ್ಯ ಅಪರೂಪದ್ದಾಗುವುದಿಲ್ಲ. ಘೇಂಡಾಮೃಗದ 25 ಪೈಸೆ 1988ರಿಂದ ವರ್ಷಗಟ್ಟಲೆ ಅಚ್ಚಾದ ಸ್ಟೀಲ್ ನಾಣ್ಯ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ ನಿಂತಿತು. ನಿಂತದ್ದರಿಂದಲೇ ಬೆಲೆ ಬಂದಿದೆ ಎಂದುಕೊಳ್ಳುವವರಿದ್ದಾರೆ. ಪ್ರತಿ ಮನೆಯ ಡಬ್ಬಿಯಲ್ಲೂ ನಾಲ್ಕು ಬಿದ್ದಿರುವ ನಾಣ್ಯಕ್ಕೆ ಲಕ್ಷ ಕೊಡುವವರು ಯಾರು?

ಹಾಗಾದರೆ ಆ 10 ಲಕ್ಷದ ಸ್ಕ್ರೀನ್‌ಶಾಟ್ ಎಲ್ಲಿಂದ ಬಂತು? ಹಳೆ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಒಂದು ಫೋಟೋ ಹಾಕಿ ಎಷ್ಟು ಬೇಕಾದರೂ ಬೆಲೆ ಬರೆಯಬಹುದು. ಅದು ಕೇಳಿದ ಬೆಲೆಯೇ ಹೊರತು ಮಾರಾಟವಾದ ಬೆಲೆಯಲ್ಲ. ಸಂತೆಯಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಎಂದು ಚೀಟಿ ಅಂಟಿಸಿ ಕೂತರೆ ಕುಂಬಳಕಾಯಿ ರೇಟು ಏರುತ್ತದೆಯೇ? ನಾಣ್ಯದ ನಿಜವಾದ ಬೆಲೆ ತಿಳಿಯಬೇಕಾದರೆ ನಾಣ್ಯ ಹರಾಜು ಸಂಸ್ಥೆಗಳು ಪ್ರಕಟಿಸುವ, ಮಾರಾಟ ಮುಗಿದ ಮೇಲಿನ ಬೆಲೆಪಟ್ಟಿ ನೋಡಬೇಕು.

ಫೋಟೋ ಕಳಿಸಿದ ಮೇಲೆ ಆಗುವುದೇನು?

ಆ ಕಡೆಯವರು ಫೋಟೋ ನೋಡಿದ ತಕ್ಷಣ ಒಪ್ಪಿಕೊಳ್ಳುತ್ತಾರೆ. ಅನುಮಾನ ಬರಬೇಕಾದ್ದು ಇಲ್ಲೇ. ನಿಜವಾದ ನಾಣ್ಯ ವ್ಯಾಪಾರಿ ನಾಣ್ಯವನ್ನು ಕೈಯಲ್ಲಿ ಹಿಡಿದು, ತೂಗಿ, ಭೂತಗನ್ನಡಿಯಲ್ಲಿ ನೋಡದೆ ಬೆಲೆ ಹೇಳುವುದಿಲ್ಲ. ನಂತರ “ರಿಜಿಸ್ಟ್ರೇಷನ್‌ಗೆ ಸ್ವಲ್ಪ ದುಡ್ಡು” ಎನ್ನುತ್ತಾರೆ. ಆಮೇಲೆ ಜಿಎಸ್‌ಟಿ, ಅದಾದ ಮೇಲೆ ಇನ್ಶೂರೆನ್ಸ್, ಕೊನೆಗೆ ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರವೊಂದು ಬರುತ್ತದೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ: ಹಳೆಯ ನೋಟು-ನಾಣ್ಯಗಳ ಕೊಳ್ಳುವ, ಮಾರುವ ವ್ಯವಹಾರವನ್ನು ತಾನು ಮಾಡುವುದಿಲ್ಲ, ಶುಲ್ಕವಾಗಲೀ ಕಮಿಷನ್ ಆಗಲೀ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಮಾರುವವರು ನೀವು. ದುಡ್ಡು ಬರಬೇಕಾದ್ದು ನಿಮಗೆ. ಅದಕ್ಕಾಗಿ ನೀವೇ ದುಡ್ಡು ಕಟ್ಟುವ ಪ್ರಮೇಯ ಬರುವುದಿಲ್ಲ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಬೇಕಾದ ಅಗತ್ಯವೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಹಾಗಂತ ಚಿಲ್ಲರೆಯಲ್ಲಿ ನೋಡಲು ಏನೂ ಇಲ್ಲವೇ?

ಬೇಕಾದಷ್ಟಿದೆ. ಮೊದಲು ಇಸವಿಯ ಕೆಳಗೆ ಕಣ್ಣು ಹಾಯಿಸಿ. ನಮ್ಮ ದೇಶದಲ್ಲಿ ನಾಲ್ಕು ಕಡೆ ಸರ್ಕಾರಿ ಟಂಕಸಾಲೆಗಳಿವೆ. ಚಿಕ್ಕ ವಜ್ರಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. “ನಕ್ಷತ್ರ ಇದ್ದರೆ ಲಕ್ಷ” ಎನ್ನುವ ಫಾರ್ವರ್ಡ್ ಬಂದರೆ ನೀವು ನಕ್ಕು ಸುಮ್ಮನಾಗಬಹುದು. ಅದು ಹೈದರಾಬಾದಿನ ವಿಳಾಸ, ಅಷ್ಟೇ.

ಇದಕ್ಕಿಂತ ಸ್ವಾರಸ್ಯದ ಗುರುತುಗಳೂ ಇವೆ. ಬೇಡಿಕೆಗೆ ತಕ್ಕಷ್ಟು ನಾಣ್ಯ ಇಲ್ಲಿ ತಯಾರಾಗದಿದ್ದಾಗ ಸರ್ಕಾರ ಹೊರದೇಶಗಳಲ್ಲಿ ಅಚ್ಚು ಹಾಕಿಸಿದ್ದುಂಟು. 1985ರ ಒಂದು ರೂಪಾಯಿಯ ಇಸವಿಯ ಕೆಳಗೆ ಇಂಗ್ಲಿಷಿನ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. 90ರ ದಶಕದ ಕೊನೆಯ ಕೆಲವು ನಾಣ್ಯಗಳಲ್ಲಿ ‘ಎಂ’ ಅಕ್ಷರದ ಜೊತೆ ಪುಟ್ಟ ಸೊನ್ನೆ ಇರುವುದುಂಟು, ಅದು ಮೆಕ್ಸಿಕೋ. ಮಾಸ್ಕೋದಿಂದ ಬಂದ 5 ರೂಪಾಯಿಯೂ ಇದೆ. ಇವು ನಿಮ್ಮನ್ನು ಸಾಹುಕಾರರನ್ನಾಗಿ ಮಾಡುವುದಿಲ್ಲ. ಆದರೆ ಕಿರಾಣಿ ಅಂಗಡಿಯವರು ಕೊಟ್ಟ ಚಿಲ್ಲರೆಯಲ್ಲಿ ಮೆಕ್ಸಿಕೋ ಸಿಕ್ಕ ದಿನ ಆಗುವ ಖುಷಿಯೇ ಬೇರೆ.

ಮುಖಬೆಲೆಗಿಂತ ಹೆಚ್ಚು ಸಿಗುವ ಸಾಧ್ಯತೆ ಇರುವುದು ಟಂಕಸಾಲೆಯ ತಪ್ಪುಗಳಲ್ಲಿ. ನಾಣ್ಯವನ್ನು ನೇರವಾಗಿ ಹಿಡಿದು ಪುಸ್ತಕದ ಹಾಳೆಯಂತೆ ಎಡದಿಂದ ಬಲಕ್ಕೆ ತಿರುಗಿಸಿ. ನಮ್ಮ ನಾಣ್ಯಗಳಲ್ಲಿ ಹಿಂದಿನ ಮುಖವೂ ನೇರವಾಗಿ ನಿಂತಿರಬೇಕು. ತಲೆಕೆಳಗಾಗಿಯೋ ತುಂಬಾ ವಾಲಿಕೊಂಡೋ ಇದ್ದರೆ ಅಚ್ಚು ತಿರುಗಿದೆ ಎಂದರ್ಥ, ಎತ್ತಿಟ್ಟುಕೊಳ್ಳಿ. ಚಿತ್ರ ಒಂದು ಪಕ್ಕಕ್ಕೆ ಸರಿದು ಇನ್ನೊಂದು ಪಕ್ಕ ಖಾಲಿ ಉಳಿದದ್ದು, ಒಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಒಳಕ್ಕೆ ಒತ್ತಿಕೊಂಡದ್ದು ಇಂಥವನ್ನೂ ಸಂಗ್ರಾಹಕರು ಹುಡುಕುತ್ತಾರೆ. ಸವೆದು ಅಕ್ಷರ ಮಾಸಿದ್ದು, ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಅಂಚು ಉಜ್ಜಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಸಿಕ್ಕರೆ ಅಂಚಿನ ಒಳಗೆ ಸುತ್ತಲೂ ಕೂದಲೆಳೆಯಂಥ ಗೆರೆ ಇದೆಯೇ ನೋಡಿ. ಸಾಮಾನ್ಯವಾಗಿ ಅದು ಎರಡು ನಾಣ್ಯ ಕೊರೆದು ಜೋಡಿಸಿದ ಜಾದೂ ಸಾಮಾನು.

ಇನ್ನೊಂದು ಮಾತು. ಒಳ್ಳೆಯ ನಾಣ್ಯ ಸಿಕ್ಕಿತು ಎಂದು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಬೇಡಿ. ದೇವರ ಮನೆಯ ದೀಪಕ್ಕೆ ಅದು ಸರಿ. ನಾಣ್ಯದ ಮೇಲ್ಮೈಯ ಮೂಲ ಹೊಳಪನ್ನೂ ಕಾಲ ತಂದ ಬಣ್ಣವನ್ನೂ ಸಂಗ್ರಾಹಕರು ಮೊದಲು ನೋಡುತ್ತಾರೆ. ಉಜ್ಜಿದರೆ ಎರಡೂ ಹೋಗಿ ಸಣ್ಣ ಗೀರುಗಳು ಉಳಿಯುತ್ತವೆ, ಬೆಲೆ ಇಳಿಯುತ್ತದೆ. ಅಂಚಿನಲ್ಲಿ ಹಿಡಿಯಿರಿ, ಒಣ ಕಾಗದದ ಲಕೋಟೆಯಲ್ಲಿಡಿ.

ಅಜ್ಜಿಯ ಪೆಟ್ಟಿಗೆಯ ನಾಣ್ಯಗಳು

ಚಿಲ್ಲರೆ ಡಬ್ಬಿಗಿಂತ ಹೆಚ್ಚು ಜಾಗ್ರತೆ ಬೇಕಾದ್ದು ಇಲ್ಲಿ. ಲಕ್ಷ್ಮೀ ಪೂಜೆಗೆ ಇಡುವ ವಿಕ್ಟೋರಿಯಾ ರಾಣಿಯ ರೂಪಾಯಿ ಸುಮಾರು 11.66 ಗ್ರಾಂ ತೂಗುತ್ತದೆ, ಅದರಲ್ಲಿ ಶೇ. 91.7ರಷ್ಟು ಬೆಳ್ಳಿ. ಅಂದರೆ ಅಸಲಿಯಾದರೆ ಬೆಳ್ಳಿಯ ಬೆಲೆಯಂತೂ ಇದ್ದೇ ಇದೆ. ಮನೆಯ ಹತ್ತಿರದ ಅಕ್ಕಸಾಲಿಗರಲ್ಲಿ ತೂಕ ಹಾಕಿಸಿ ನೋಡಬಹುದು. ಅಪರೂಪದ ಇಸವಿಯದ್ದೂ ಇರಬಹುದಾದ್ದರಿಂದ ಕರಗಿಸಲು ಮಾತ್ರ ಕೊಡಬೇಡಿ.

ಅದೇ ಪೆಟ್ಟಿಗೆಯಲ್ಲಿ ಒಂದು ಕಡೆ ಹನುಮಂತ ಅಥವಾ ರಾಮ ದರ್ಬಾರು, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಯೂ ಸಿಗಬಹುದು. ಅದು ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಎಂದೂ ಅಚ್ಚು ಹಾಕಲಿಲ್ಲ; ಇವು ಬಹಳ ಕಾಲದ ನಂತರ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಇಂಥ ಬಿಲ್ಲೆಗೆ ಅಕ್ಕಿಕಾಳು ಎಳೆಯುವ ಶಕ್ತಿ ಇದೆ, ಕೋಟಿ ಬೆಲೆ ಬಾಳುತ್ತದೆ ಎಂದು ನಂಬಿಸುವ ‘ರೈಸ್ ಪುಲ್ಲಿಂಗ್’ ಮೋಸಕ್ಕೆ ಸಿಕ್ಕು ಜಮೀನು ಮಾರಿಕೊಂಡವರೂ ಇದ್ದಾರೆ. ಅಕ್ಕಿಯನ್ನು ಎಳೆಯುವ ಲೋಹ ಯಾವುದೂ ಇಲ್ಲ.

ನಿಮ್ಮ ನಾಣ್ಯದ ಬಗ್ಗೆ ಖಚಿತವಾಗಿ ತಿಳಿಯಬೇಕೆಂದರೆ ಬೆಂಗಳೂರಿನಲ್ಲಿ ಆಗಾಗ ನಡೆಯುವ ನಾಣ್ಯ ಪ್ರದರ್ಶನಕ್ಕೆ ಒಯ್ದು ಒಬ್ಬರಲ್ಲ, ಮೂರು ನಾಲ್ಕು ವ್ಯಾಪಾರಿಗಳಿಗೆ ತೋರಿಸಿ. ವಾಟ್ಸಾಪ್ ನಂಬಿ ಈಗಾಗಲೇ ದುಡ್ಡು ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಆ ಕಡೆಯ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.